ಆರ್ಡ್‌ವೆಲ್ ಸಾಹೇಬರಿಗೆ ಬಿಟ್ಟುಕೊಟ್ಟ ಜಾಗ

ಉತ್ತರ ತಬಿತೆವೆಯಾ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳು ಮೋಯಾಗೆ,

ಮೊದಲು ನಮ್ಮ ದ್ವೀಪದ ನಮಸ್ಕಾರ, ಮೌರಿ. ಹೇಗಿದ್ದೀಯ ತಾಯಿ? ಕೆಮ್ಮು ಬಿಟ್ಟಿತೆ? ಅಲ್ಲಿಯ ಚಳಿಗೆ ಎರಡು ತಿಂಗಳಿಂದ ಕಿಟಕಿಯನ್ನೇ ತೆರೆದಿಲ್ಲ ಎಂದು ಬರೆದಿದ್ದೆ. ಇಪ್ಪತ್ತೆರಡು ವರ್ಷ ಸರಕಿನ ಹಡಗುಗಳಲ್ಲಿ ದುಡಿದ ನಾನು ಹ್ಯಾಂಬರ್ಗಿನ ಚಳಿಯನ್ನೂ ಕಂಡವನೇ, ಅದಕ್ಕೇ ಹೇಳುತ್ತೇನೆ, ಕಿವಿ ಮುಚ್ಚಿಕೊಂಡು ಓಡಾಡು. ಉಣ್ಣೆ ಟೋಪಿ ನೋಡಿ ಯಾರಾದರೂ ನಕ್ಕರೆ ನಗಲಿ, ಬಾಯಿ ತೆರೆದರೆ ಅವರ ಹಲ್ಲಿಗೇ ಚಳಿ. ಇಲ್ಲಿ ನಾವು ಕ್ಷೇಮ. ನಿನ್ನ ಅಮ್ಮನ ಮಂಡಿನೋವು ಹೋದ ತಿಂಗಳಷ್ಟಿಲ್ಲ. ಜೀಗುಜ್ಜೆ ಮರ ಈ ಸಲ ಕೊಂಬೆ ಜಗ್ಗುವಷ್ಟು ಕಾಯಿ ಬಿಟ್ಟಿದೆ. ಬಾವಿಯ ನೀರು ಮಾತ್ರ ಇನ್ನೂ ಉಪ್ಪುಪ್ಪು, ಚಹಾಕ್ಕೆ ಎಷ್ಟು ಸಕ್ಕರೆ ಸುರಿದರೂ ತನ್ನ ಗುಣ ಬಿಡುವುದಿಲ್ಲ. ಅಮ್ಮ ಈಗ ಹೊರಗೆ ನೆರಳಲ್ಲಿ ಕೂತು ಚಾಪೆಗೆಂದು ಕೇದಗೆ ಎಲೆ ಸೀಳುತ್ತಿದ್ದಾಳೆ. ಮೂರು ದಿನದಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಯಾಕೆಂದು ಮುಂದೆ ಬರೆಯುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಪ್ಪಾ ಎನ್ನಬೇಡ. ಫೋನು ಸಿಗುವುದು ಆಸ್ಪತ್ರೆಯ ಹಿಂದಿನ ಗೋಪುರದ ಕೆಳಗೆ ಮಾತ್ರ, ಆ ಗೋಪುರದ ಕೆಳಗೆ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಅರ್ಧ ಊರು ಕೂತಿರುತ್ತದೆ. ನಾನು "ಹಲೋ" ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳಿಬಿಡುತ್ತಾರೆ. ನಿನ್ನ ಪತ್ರ ಬಂದದ್ದೂ ಫಾದರ್ ಅವರ ಕಂಪ್ಯೂಟರಿಗೆ. ಮುದ್ರಿಸಿ ಮಡಚಿ ಕೊಟ್ಟರು. ಅವರು ಓದಿರಲಿಕ್ಕಿಲ್ಲ, ಓದಿದ್ದರೂ ಊರಿನ ಪಾಪಗಳನ್ನೆಲ್ಲ ಕೇಳಿ ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸವಾದವರು. ನನ್ನ ಉತ್ತರವನ್ನು ಆಸ್ಪತ್ರೆಯ ನರ್ಸ್ ಇವತ್ತಿನ ವಿಮಾನದಲ್ಲಿ ರಾಜಧಾನಿ ತರಾವಾಕ್ಕೆ ಒಯ್ದು ಅಲ್ಲಿಂದ ಫೋಟೋ ತೆಗೆದು ಕಳಿಸುತ್ತಾಳಂತೆ. ಅವಳು ಬೇರೆ ದ್ವೀಪದವಳು, ನಮ್ಮ ಊರಿನ ಸುದ್ದಿಯಲ್ಲಿ ಅವಳಿಗೆ ಆಸಕ್ತಿ ಕಡಿಮೆ. ಟ್ರಕ್ಕು ಮಧ್ಯಾಹ್ನ ಬರುತ್ತದೆ, ಅಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬರೆಯಲೆಂದು ನಾಲ್ಕು ಸಲ ಕೂತು ನಾಲ್ಕು ಸಲ ಎದ್ದಿದ್ದೇನೆ. ನಿನ್ನೆ ಬಲೆ ತೆಗೆದುಕೊಂಡು ಹೋದವನು ಬಲೆ ಬೀಸದೆ ಮೊಣಕಾಲು ನೀರಿನಲ್ಲಿ ನಿಂತು ವಾಪಸು ಬಂದೆ. ಮೊದಲು ನಿನ್ನ ಮಾತನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಜಗತ್ತಿನ ದೇಶಗಳೆಲ್ಲ ಸೇರಿ ನಡೆಸುವ ನಿಮ್ಮ ದೊಡ್ಡ ಬ್ಯಾಂಕಿಗೆ ಹೊಸ ಅಧ್ಯಕ್ಷರು ಬರಬೇಕು. ಇಬ್ಬರು ನಿಂತಿದ್ದಾರೆ. ಒಬ್ಬರು ಆರ್ಡ್‌ವೆಲ್ ಸಾಹೇಬರು. ಆ ಪೀಠ ಮೊದಲಿನಿಂದಲೂ ಅವರ ಕಡೆಯವರಿಗೇ ಹೋಗುತ್ತ ಬಂದಿದೆ. ಇನ್ನೊಬ್ಬಳು ಬಡ ದೇಶವೊಂದರ ಹೆಂಗಸು, ಹಿಂದೆ ಅಲ್ಲಿ ಹಣಕಾಸಿನ ಮಂತ್ರಿಯಾಗಿ ಇದೇ ಬ್ಯಾಂಕಿನ ಬಾಗಿಲಲ್ಲಿ ಸಾಲಕ್ಕೆ ನಿಂತವಳು. ತಿಂಗಳ ಕೊನೆಗೆ ಯಾರ ಒಲವು ಯಾರ ಕಡೆ ಎಂದು ಎಲ್ಲರೂ ಬರೆದು ಕೊಡಬೇಕು. ನಮ್ಮದೂ ಸೇರಿ ಹದಿನಾಲ್ಕು ದೇಶಗಳಿಗೆ ಅಲ್ಲಿ ಒಂದೇ ಕುರ್ಚಿ, ಆ ಕುರ್ಚಿಯ ಬರಹದ ಕರಡು ಮಾಡಬೇಕಾದವಳು ನೀನು. ನಮ್ಮ ಊರಿನ ಹಿರಿಯರು ಆರ್ಡ್‌ವೆಲ್ ಸಾಹೇಬರ ಪರ ನಲವತ್ತೊಂದು ಸಹಿ ಹಾಕಿದ ಕಾಗದವನ್ನು ಅದರ ಜೊತೆ ಲಗತ್ತಿಸು ಎಂದು ನಿನ್ನ ಮೇಲಿನವರು ಹೇಳಿದ್ದಾರೆ. ಜಗತ್ತಿನ ತುದಿಯ ಬಡವರೇ ಇವರು ಬೇಕೆನ್ನುತ್ತಿದ್ದಾರೆ ಎಂದು ತೋರಿಸಲು. ಅತ್ತಿತ್ತ ತೂಗುತ್ತಿರುವ ಕೆಲವು ಕುರ್ಚಿಗಳು ಆ ಕಾಗದ ನೋಡಿ ಇತ್ತ ವಾಲುತ್ತವಂತೆ.

ಆದರೆ ಆ ಕಾಗದದ ಕೆಳಗೆ ನಮ್ಮ ಭಾಷೆಯಲ್ಲಿ ಒಂದು ಸಾಲಿದೆ: "ನಮ್ಮ ಬೇಡಿಕೆಗೆ ಅವರು ಒಪ್ಪಿದ್ದರಿಂದ ನಾವೂ ಅವರನ್ನು ಒಪ್ಪಿದ್ದೇವೆ." ಆ ಸಾಲನ್ನು ಹಟ ಹಿಡಿದು ಬರೆದವನು ಮುದುಕ ನಕಿಬೈ. ಅಲ್ಲಿ ಅದನ್ನು ಓದಬಲ್ಲವಳು ನೀನೊಬ್ಬಳೇ. ಇತ್ತ, ಜನವರಿಯಲ್ಲಿ ಸಾಹೇಬರು ನಮ್ಮ ದ್ವೀಪಕ್ಕೂ ಬಂದುಹೋದ ಪ್ರವಾಸದ ಬಗ್ಗೆ ಅವರ ಕಚೇರಿ ಕೊಟ್ಟ ವರದಿಯಲ್ಲಿ, ಎಲ್ಲಿಯೂ ಯಾವ ಮಾತನ್ನೂ ಕೊಟ್ಟಿಲ್ಲ ಎಂದಿದೆ. "ಯಾವುದು ನಿಜ ಅಪ್ಪಾ? ಇಬ್ಬರ ಮಧ್ಯೆ ಕೂತು ಮಾತು ದಾಟಿಸಿದವನು ನೀನೇ ಅಲ್ವಾ? ನಾನು ಕಾಗದ ಹಚ್ಚಲೋ ಬೇಡವೋ?" ಎಂದು ಕೇಳಿದ್ದೀಯ. ಹಚ್ಚದಿದ್ದರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದು ಎಂದು ನೀನು ಬರೆದಿಲ್ಲ. ಬರೆಯದಿದ್ದರೂ ನಿನ್ನ ಅಪ್ಪನಿಗೆ ಅಷ್ಟು ತಿಳಿಯುತ್ತದೆ.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಸಾಹೇಬರು ಬರುವ ಮೊದಲೇ, ಜನವರಿಯ ಮೊದಲ ವಾರದಲ್ಲಿ, ನಾನು ಊರೆಲ್ಲ ಸಭೆ ಸೇರುವ ಮನೆಯಾಬಾದಲ್ಲಿ ನಿಮ್ಮ ಬ್ಯಾಂಕಿನ ರೀತಿನೀತಿ ವಿವರಿಸಿದ್ದೆ. ನಮ್ಮದು ಅರಸರನ್ನು ಇಟ್ಟುಕೊಳ್ಳದ ದ್ವೀಪ ಎಂಬ ಜಂಭ ನಮ್ಮ ಮುದುಕರಿಗೆ ಎಷ್ಟಿದೆಯೆಂದು ನಿನಗೆ ಗೊತ್ತು. ಆ ಸೂರಿನ ಕೆಳಗೆ ಪ್ರತಿ ಮನೆತನಕ್ಕೂ ತನ್ನ ಜಾಗ, ಯಾರ ಜಾಗವೂ ಯಾರದಕ್ಕಿಂತ ಒಂದು ಬೆರಳು ಎತ್ತರವಿಲ್ಲ. ಹದಿನಾಲ್ಕು ದೇಶಕ್ಕೆ ಒಂದು ಕುರ್ಚಿ ಎಂದೊಡನೆ ನಕಿಬೈ ಕಿವಿಯ ಹಿಂದೆ ಸಿಕ್ಕಿಸಿದ್ದ ಬೀಡಿ ತೆಗೆದು, "ಅಷ್ಟೂ ಜನ ಹೇಗ್ ಕೂರ್ತಾರೋ ಬೌರೊ? ಒಬ್ಬರ ತೊಡೆ ಮೇಲೊಬ್ರು ಕೂರ್ತಾರಾ? ಅಡಿಗೆ ಸಿಕ್ಕಿದೋನ ಗತಿ ಏನು?" ಎಂದ. "ಅಡಿಗೆ ಸಿಕ್ಕಿರೋರೇ ನಾವು" ಎಂದೆ ನಾನು. ಸೂರು ಹಾರಿಹೋಗುವ ಹಾಗೆ ನಕ್ಕರು. ಹೆಚ್ಚು ಹಣ ಹಾಕಿದ ದೇಶಕ್ಕೆ ಹೆಚ್ಚು ಮತ ಎಂದಾಗ ಮಾತ್ರ ನಗು ನಿಂತಿತು. "ಅಂದ್ರೆ, ಜಾಸ್ತಿ ಮೀನು ಹಿಡ್ದೋನು ಇಲ್ಲಿ ಬಂದು ಎರಡು ಜಾಗ ತಗೊಂಡು ಕಾಲು ಚಾಚ್ಕೊಂಡು ಮಲಗ್ತಾನಾ?" ಎಂದು ಯಾರೋ ಹಿಂದಿನಿಂದ ಕೇಳಿದರು.

ಹೀಗಿರುವಾಗ ಇಪ್ಪತ್ತೊಂದನೇ ತಾರೀಖು ಸಾಹೇಬರು ಬಂದರು. ತಮ್ಮದೇ ವಿಮಾನ, ಜೊತೆಗೆ ಐದು ಜನ, ಅದರಲ್ಲಿ ಕ್ಯಾಮೆರಾ ಹಿಡಿದ ಹುಡುಗಿಯೊಬ್ಬಳು. ಊರೂರಿಗೆ ಹೋಗಿ ಜನರ ಮಾತು ಕೇಳುವ ಪ್ರವಾಸವಂತೆ. ಮನುಷ್ಯ ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆರೂಕಾಲು ಅಡಿ ಎತ್ತರ, ಬಿಸಿಲಿಗೆ ಕುತ್ತಿಗೆ ಏಡಿಯ ಬಣ್ಣಕ್ಕೆ ತಿರುಗಿತ್ತು, ಆದರೂ ನೆರಳು ಕೇಳಲಿಲ್ಲ. ಒಳಗೆ ಬರುವವರೆಲ್ಲ ತಲೆ ಬಗ್ಗಿಸಲೆಂದೇ ಮನೆಯಾಬಾದ ಸೂರು ಅಷ್ಟು ಕೆಳಗಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಬಗ್ಗುವುದು ತಡವಾಗಿ ಹಣೆ ಬಡಿಸಿಕೊಂಡರು. ಮಕ್ಕಳು ಕಿಸಕ್ಕೆಂದವು, ಅವರೂ ನಕ್ಕರು. ಹಿರಿಯರ ಮುಂದೆ ಇಡಬೇಕಾದ ಹೊಗೆಸೊಪ್ಪಿನ ಕಟ್ಟನ್ನೂ ಅವರು ತಂದಿರಲಿಲ್ಲ. ಅಪರಿಚಿತ ಅತಿಥಿಗಳನ್ನು ನಡುವೆ ಕೂರಿಸಿಕೊಂಡು ಅವರಿಗೆ ಬಾಯಾಗುವುದು ನಮ್ಮ ಮನೆತನದ ಕೆಲಸ ತಾನೇ? ನಮ್ಮ ಜಾಗದಲ್ಲಿ ಕೂತವನಿಗೆ ಆ ಸೂರಿನ ಕೆಳಗೆ ಅವಮಾನವಾದರೆ ಅದು ನಮ್ಮ ತಲೆಗೆ. ಹಾಗಾಗಿ ನಾನು ಮೊದಲೇ ಅಂಗಡಿಯಿಂದ ಒಂದು ಕಟ್ಟು ತಂದು ಅಂಗಿಯೊಳಗೆ ಇಟ್ಟುಕೊಂಡಿದ್ದೆ, ಯಾರಿಗೂ ಕಾಣದ ಹಾಗೆ ಅವರ ಕೈಗೆ ದಾಟಿಸಿದೆ. ಅವರು ಇಟ್ಟರು, ಹಿರಿಯರು ತಲೆದೂಗಿದರು. ಅಲ್ಲಿಗೆ ನಾನು ಬೆವರು ಒರೆಸಿಕೊಂಡೆ.

ಮೊದಲು ಸಾಹೇಬರು ಮಾತಾಡಿದರು. ತಾವು ಆ ಪೀಠಕ್ಕೆ ಬಂದರೆ ಸೇವೆ ಮಾಡುವುದು ಜಗತ್ತಿನ ಕಡುಬಡವರದು ಎಂದರು. ನಾನು ಹಾಗೇ ದಾಟಿಸಿದೆ. ನಮ್ಮಲ್ಲಿ ಬಡವ ಎಂದರೆ ಕೇಳಲು ನೆಂಟರೇ ಇಲ್ಲದವನು. ಹಿರಿಯರು ಅಂಥವನು ಇಲ್ಲಿ ಯಾರಿದ್ದಾನೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. "ಪಾಪ, ಯಾರದೋ ಮನೆ ಹಾಳಾಗಿದೆ ಅಂತ ಕಾಣುತ್ತೆ, ಇವ್ರು ಹುಡ್ಕೊಂಡು ಬಂದಿದಾರೆ" ಎಂದ ನಕಿಬೈ. ಸಾಹೇಬರು ಏನೆಂದು ಕೇಳಿದರು. "ನಿಮ್ಮ ಮಾತು ಅವರಿಗೆ ಹಿಡಿಸಿತು" ಎಂದೆ. ಇದು ಸುಳ್ಳು ಎಂದು ನನಗೆ ಆಗ ಅನ್ನಿಸಲೇ ಇಲ್ಲ ನೋಡು, ಚಹಾಕ್ಕೆ ಸಕ್ಕರೆ ಹಾಕಿದಷ್ಟು ಸಲೀಸಾಗಿ ಬಂತು.

ಆಮೇಲೆ ಕೌರೆ ಅಜ್ಜಿ ಬಾಯಿ ತೆರೆದಳು. ನಿನಗೆ ನೆನಪಿರಬೇಕು, ಚಿಕ್ಕವಳಿದ್ದಾಗ ಅವಳ ಕೆಸುವಿನ ಗುಂಡಿಗೆ ನೀನು ಬಿದ್ದು, ಅವಳು ನಿನ್ನನ್ನು ಜಡೆ ಹಿಡಿದು ಎಳೆದು ಹಾಕಿ, ನಿನಗಿಂತ ತುಳಿದುಹೋದ ಗಿಡಕ್ಕೇ ಹೆಚ್ಚು ಅತ್ತಿದ್ದಳು. ಹಿಂದೆ ಹೆಂಗಸರು ಮನೆಯಾಬಾದಲ್ಲಿ ಗಂಡನ ಹಿಂದೆ ಕೂತು, ಬೆನ್ನು ಚುಚ್ಚಿ ಚುಚ್ಚಿ ಅವನಿಂದ ಮಾತಾಡಿಸುತ್ತಿದ್ದರು. ಅವಳ ಗಂಡ ಸತ್ತ ಮೇಲೆ ಚುಚ್ಚಲು ಬೆನ್ನಿಲ್ಲ, ನೇರವಾಗಿ ಮಾತಾಡುತ್ತಾಳೆ. "ಏನಪ್ಪಾ, ನಿನ್ನನ್ನ ಅಲ್ಲಿ ಕೂರಿಸೋರು ಯಾರು?" ಎಂದು ಕೇಳಿದಳು. ಬ್ಯಾಂಕಿಗೆ ಹಣ ಹಾಕಿದ ದೇಶಗಳು, ಹೆಚ್ಚು ಹಾಕಿದವರ ಮಾತು ಹೆಚ್ಚು ನಡೆಯುತ್ತದೆ ಎಂದು ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದರು. "ಆಯ್ತು. ನೀನು ದಾರಿ ತಪ್ಪಿದ್ರೆ ಎಬ್ಬಿಸೋರು ಯಾರು?" ಅದೂ ಆ ದೇಶಗಳೇ ಎಂದರು ಸಾಹೇಬರು. "ಅಲ್ಲ ಮಗಾ, ಕೂರಿಸೋರೂ ಅವ್ರು, ಎಬ್ಬಿಸೋರೂ ಅವ್ರು. ನೀನು ಕೆಲ್ಸ ಮಾಡೋದು ಮಾತ್ರ ನಮಗೇ ಅಂತೀಯ. ನಿನ್ನ ಕೆಲ್ಸ ಚೆನ್ನಾಗಿದೆಯೋ ಇಲ್ವೋ ಅಂತ ನಮ್ಮನ್ನ ಯಾರು ಕೇಳ್ತಾರೆ?" ಕ್ಯಾಮೆರಾ ಹುಡುಗಿ ಕ್ಯಾಮೆರಾ ಕೆಳಗಿಳಿಸಿದಳು.

ಆಗಲೇ ಅಜ್ಜಿ ಬುಬುಸಿ ಕೇಳಿದ್ದು. ಯಾರೂ ಅದನ್ನು ಎಣಿಸಿರಲಿಲ್ಲ. ದೋಣಿ ಕೇಳುತ್ತಾಳೆ, ನೀರಿನ ತೊಟ್ಟಿ ಕೇಳುತ್ತಾಳೆ ಎಂದುಕೊಂಡಿದ್ದೆವು. ಬುಬುಸಿ ಕೇಳುವುದೆಂದರೆ ಆಟವಲ್ಲ. ನಿನ್ನ ಚಿಕ್ಕಪ್ಪ ನನ್ನ ಹೊಸ ಸೈಕಲ್ಲನ್ನು ಬುಬುಸಿ ಕೇಳಿದಾಗ ನಾನು ಬಾಯಿ ಬಿಡದೆ ಕೀಲಿ ಕೊಟ್ಟು ಮೂರು ಮೈಲಿ ನಡೆದುಕೊಂಡು ಬಂದೆನಲ್ಲ. ನಾಲ್ಕು ಜನರ ಮುಂದೆ ಕೇಳಿದ್ದನ್ನು ಇಲ್ಲ ಎಂದವನು ಆಮೇಲೆ ತಲೆ ಎತ್ತಿ ತಿರುಗುವ ಹಾಗಿಲ್ಲ. ಕೌರೆ ಅಜ್ಜಿ ಕೈ ಜೋಡಿಸಲಿಲ್ಲ, ದನಿ ತಗ್ಗಿಸಿದಳು ಅಷ್ಟೇ. "ನಂಗೆ ದುಡ್ಡು ಬೇಡ. ನೀನು ಆ ಜಾಗದಲ್ಲಿ ಕೂತ ಮೇಲೆ ವರ್ಷಕ್ಕೊಂದ್ಸಲ ಬಾ. ಬಗ್ಗಿ ಒಳಗೆ ಬಾ, ನಮ್ಮ ಜೊತೆ ಈ ಕಲ್ಲಿನ ಮೇಲೆ ಕೂರು. ಏನು ಮಾಡ್ದೆ, ಏನು ಮಾಡ್ಲಿಲ್ಲ ಅಂತ ಹೇಳು. ನಾವು ಎದ್ದೇಳು ಅಂದ್ರೆ ಎದ್ದೇಳು. ಇಷ್ಟೇ ನನ್ನ ಬುಬುಸಿ." ನಾನು ಒಂದು ಪದ ಬಿಡದೆ ಇಂಗ್ಲಿಷಿಗೆ ತಂದು ಹೇಳಿದೆ, ಬುಬುಸಿಯ ತೂಕವನ್ನೂ ವಿವರಿಸಿದೆ. ಸಾಹೇಬರು ಕೇಳಿದರು, ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಿದರು. ನೂರೈವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಎದ್ದು, "ಒಪ್ಪಿದ್ದಾರೆ" ಎಂದೆ.

ಆಮೇಲಿನದು ಬರೆಯುವುದೇ ಬೇಡ. ಹೆಂಗಸರು ಓಡಿಬಂದು ಸಾಹೇಬರ ಕುತ್ತಿಗೆಗೆ ಮರ್ಯಾದೆಯ ಪೌಡರ್ ಬಳಿದರು, ತಲೆಗೆ ಹೂವಿನ ಕಿರೀಟ ಇಟ್ಟರು. ಹುಡುಗಿಯರು ಕುಣಿದರು. ಇದೆಲ್ಲ ತಮ್ಮ ಮಾತನ್ನು ಅರ್ಥಮಾಡಿಕೊಂಡದ್ದಕ್ಕೆ ಎಂದು ಸಾಹೇಬರು ತಿಳಿದರೋ ಏನೋ, ಅವರ ಕಣ್ಣು ಒದ್ದೆಯಾಗಿತ್ತು. ತೆಂಗಿನ ಹಾಲಿನ ಅನ್ನ, ಉಪ್ಪುಮೀನು, ಕುಂಬಳಕಾಯಿ ಎಲ್ಲ ತಿಂದರು. ಅವರ ಕಡೆಯ ಯುವಕ ಮೊದಲೇ ಟೈಪು ಮಾಡಿ ತಂದಿದ್ದ ಕಾಗದ ತೆಗೆದ. ಒಬ್ಬ ಬುಬುಸಿ ಕೊಟ್ಟ ಮೇಲೆ ಪಡೆದವರು ಸುಮ್ಮನಿರಲು ಬರುತ್ತದೆಯೇ? ನಲವತ್ತೊಂದು ಜನ ಸಾಲಾಗಿ ಕೂತು ಸಹಿ ಹಾಕಿದರು. ನಕಿಬೈ ತನ್ನ ಸಾಲನ್ನು ತಾನೇ ಬರೆದ. ಅದೇನೆಂದು ಆ ಯುವಕ ಕೇಳಿದ. "ಶುಭ ಹಾರೈಕೆ" ಎಂದೆ ನಾನು.

ಈಗ ನಿನ್ನ ಅಮ್ಮನ ಸಿಟ್ಟಿನ ವಿಷಯ. ವರ್ಷಕ್ಕೊಮ್ಮೆ ಬರುವವನು ಅತಿಥಿಯಲ್ಲ, ಅವನಿಗೆ ತನ್ನದೇ ಜಾಗ ಬೇಕು ಎಂದು ಹಿರಿಯರು ತೀರ್ಮಾನಿಸಿದರು. ಯಾರ ಜಾಗದಿಂದ ತೆಗೆಯುವುದು? ಒಂದು ಗೇಣು ಅತ್ತಿತ್ತ ಆದದ್ದಕ್ಕೆ ಮೂರು ತಲೆಮಾರು ಮಾತು ಬಿಟ್ಟವರು ಇದೇ ಊರಿನಲ್ಲಿದ್ದಾರೆ. ಎಂಟು ದಿನ ಚರ್ಚೆಯಾಯಿತು. ಕೊನೆಗೆ ನಕಿಬೈ ಮನೆತನ ಒಂದು ಮಾರು ಸರಿದು ಕೂತಿತು, ಕೌರೆ ಅಜ್ಜಿಯ ಕಡೆಯವರು ಇನ್ನೊಂದು ಮಾರು ಸರಿದರು. ಸಾಹೇಬರು ಎತ್ತರದವರು, ಕಾಲು ಮಡಚಿಕೊಳ್ಳಲು ಕಷ್ಟ, ಒಂದು ಮಾರು ಸಾಲದು ಎಂದು. ಯಾರೂ ಕೇಳದೆ, ಯಾರೂ ಹೊಡೆದಾಡದೆ ಜಾಗ ಬಿಟ್ಟುಕೊಟ್ಟದ್ದನ್ನು ನನ್ನ ಅರವತ್ತೇಳು ವರ್ಷದಲ್ಲಿ ನೋಡಿಲ್ಲ ಮಗಳೇ. ಆ ಖಾಲಿ ಜಾಗವನ್ನು ದಿನಾ ಯಾರೋ ಗುಡಿಸುತ್ತಾರೆ. ಅಲ್ಲಿ ಹಾಸಲು ಹೆಂಗಸರು ಸರದಿಯ ಮೇಲೆ ಚಾಪೆ ಹೆಣೆಯುತ್ತಿದ್ದಾರೆ, ಈ ವಾರ ನಿನ್ನ ಅಮ್ಮನ ಸರದಿ. ಅವಸರವೇನು, ಬಿಡು ಎಂದೆ ನಾನು. "ಅವ್ರು ಬಂದು ಬರೀ ಕಲ್ಲಿನ ಮೇಲೆ ಕೂರ್ಬೇಕಾ? ನಿಂಗೇನಾಗಿದೆ? ಅವ್ರು ಬಂದ ದಿನದಿಂದ ಊಟ ಸೇರಲ್ಲ, ನಿದ್ದೆ ಹತ್ತಲ್ಲ. ನಿಂಗೆ ಹೊಟ್ಟೆಕಿಚ್ಚಾ?" ಎಂದು ರೇಗಿದಳು. ಹೊಟ್ಟೆಕಿಚ್ಚು ಎಂದೇ ಒಪ್ಪಿಕೊಂಡುಬಿಟ್ಟೆ.

ಶಾಲೆಯ ಟೀಚರ್ ಒಂದು ನೋಟುಪುಸ್ತಕ ಇಟ್ಟಿದ್ದಾಳೆ. ಮೊದಲ ವರ್ಷ ಸಾಹೇಬರು ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನು ಯಾರು ಬೇಕಾದರೂ ಹೋಗಿ ಬರೆಸಬಹುದು. ಎರಡು ಹಳ್ಳಿ ಸೇರಿಸಲು ನಿಮ್ಮ ಬ್ಯಾಂಕಿನ ಹಣದಲ್ಲಿ ಕಟ್ಟಿದ ಒಡ್ಡಿದೆಯಲ್ಲ, ಅದರಿಂದ ಒಳಸಮುದ್ರಕ್ಕೆ ನೀರು ಆಡುವ ದಾರಿ ಮುಚ್ಚಿ ಮೀನು ಬರುತ್ತಿಲ್ಲ. ಅದನ್ನು ಕಟ್ಟುವ ಮೊದಲು ಮೀನುಗಾರರನ್ನು ಯಾಕೆ ಕೇಳಲಿಲ್ಲ ಎಂಬುದು ಮೊದಲ ಪ್ರಶ್ನೆ. ಬ್ಯಾಂಕಿನವರು ನಮ್ಮ ಬಾವಿಗಳ ಬಗ್ಗೆ ಬರೆದ ಪುಸ್ತಕ ನಮ್ಮ ಭಾಷೆಯಲ್ಲಿ ಯಾಕಿಲ್ಲ ಎಂಬುದು ಇನ್ನೊಂದು. ಇಪ್ಪತ್ತು ಪುಟ ತುಂಬಿದೆಯಂತೆ. ಸಾಯುವುದರೊಳಗೆ ಒಂದು ಸಲವಾದರೂ ಸಾಹೇಬರು ಬರುವುದನ್ನು ನೋಡಬೇಕೆಂದು ಕೌರೆ ಅಜ್ಜಿ ಔಷಧಿಯನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುತ್ತಿದ್ದಾಳೆ. ನರ್ಸ್ ಇದನ್ನು ಹೇಳಿದಾಗ ನಾನು ಮಾತು ಬದಲಿಸಿದೆ.

ಹಡಗಿನಲ್ಲಿ ನಾನು ಹದಿಮೂರು ಕ್ಯಾಪ್ಟನ್‌ಗಳ ಕೈಕೆಳಗೆ ದುಡಿದೆ. ಅವರಲ್ಲಿ ಕೆಟ್ಟವರು ಇಬ್ಬರೋ ಮೂವರೋ. ಉಳಿದವರು ಈ ಸಾಹೇಬರ ಹಾಗೆಯೇ, ಎದುರು ಸಿಕ್ಕರೆ ಹೆಸರು ಹಿಡಿದು ಮಾತಾಡಿಸುವವರು. ಆದರೂ ಒಮ್ಮೆ ಕುಡಿಯುವ ನೀರಿನ ತೊಟ್ಟಿ ತುಕ್ಕು ಹಿಡಿದು ಅರ್ಧ ಹಡಗಿಗೆ ವಾಂತಿ ಹಿಡಿದಾಗ, ಒಳ್ಳೆಯ ಕ್ಯಾಪ್ಟನ್ನೇ ಬಂದರಿಗೆ ತಿರುಗಿಸಲಿಲ್ಲ. ಸರಕು ತಡವಾದರೆ ಮಾಲೀಕರಿಗೆ ಅವನು ಜವಾಬು ಹೇಳಬೇಕಿತ್ತು, ನಮಗೆ ಹೇಳಬೇಕಿರಲಿಲ್ಲ. ರಾತ್ರಿ ನಮ್ಮ ಜೊತೆ ಕೂತು ಅತ್ತ, ಬೆಳಿಗ್ಗೆ ಹಡಗು ನೇರ ಓಡಿಸಿದ. ಯಾರು ಒಳ್ಳೆಯವರು ಎಂದು ಆರಿಸಲು ನೀವು ಅಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳುತ್ತೀರಿ. ಕೌರೆ ಅಜ್ಜಿ ಅದನ್ನು ಕೇಳಲೇ ಇಲ್ಲ ನೋಡು. ಇಷ್ಟು ದಿನದಲ್ಲಿ ನನಗೆ ಅರ್ಥವಾದದ್ದು ಇದೊಂದು.

ಆ ಇನ್ನೊಬ್ಬ ಹೆಂಗಸಿನ ಬಗ್ಗೆಯೂ ಬರೆದಿದ್ದೀಯ. ಅವಳು ಎಲ್ಲರಿಗೂ ಪತ್ರ ಬರೆದಿದ್ದಾಳೆ, ಊರೂರು ಸುತ್ತಲು ವಿಮಾನವಿಲ್ಲ. ಅವಳು ಬಂದರೆ ಒಳ್ಳೆಯದಾಗುತ್ತದೆ ಎಂದು ನಿನ್ನ ಮನಸ್ಸು ಹೇಳುತ್ತದೆ, ನಿನ್ನ ಅಕ್ಷರಗಳಲ್ಲೇ ಅದು ಕಾಣುತ್ತದೆ. ಇರಬಹುದು. ಬಾಗಿಲ ಹೊರಗೆ ಕಾದು ನಿಂತವಳಿಗೆ ನಿಂತ ಕಾಲಿನ ನೋವು ಗೊತ್ತಿರುತ್ತದೆ. ಆದರೆ ಒಳಗೆ ಹೋಗಿ ಕೂತ ಮೇಲೆ ಆ ನೋವು ಎಷ್ಟು ದಿನ ನೆನಪಿರುತ್ತದೋ ನಾನು ಹೇಳಲಾರೆ. ನಾನು ಹಡಗು ಬಿಟ್ಟು ಬಂದು ಊರಿನಲ್ಲಿ ಇಂಗ್ಲಿಷ್ ಬಲ್ಲವನೆನ್ನಿಸಿಕೊಂಡ ಆರೇ ತಿಂಗಳಲ್ಲಿ, ಸರಕಾರಿ ಕಾಗದ ಓದಿಸಲು ಬಂದವರನ್ನು ಬಾಗಿಲಲ್ಲಿ ಕಾಯಿಸಲು ಕಲಿತಿದ್ದೆ. ನಿನ್ನ ಅಮ್ಮ ಬೈದ ಮೇಲೆ ಬಿಟ್ಟೆ.

ಇರಲಿ. ಹೊತ್ತು ನೆತ್ತಿಗೆ ಬಂತು. ಅಮ್ಮ ಒಣ ಆಕ್ಟೋಪಸ್ ಕಳಿಸಬೇಕೆಂದಿದ್ದಳು, ಆ ದೇಶದ ಸುಂಕದವರು ಎಸೆಯುತ್ತಾರೆಂದು ತಡೆದಿದ್ದೇನೆ. ಫಾದರ್ ನಿನ್ನನ್ನು ಕೇಳಿದರು. ನಕಿಬೈ ಕೂಡ ಕೇಳಿದ, ಕುರ್ಚಿಯಲ್ಲಿ ನಿನ್ನ ಮೇಲೆ ಕೂ‍ತವರು ತೀರಾ ದಪ್ಪಗಿದ್ದರೆ ಹೇಳಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆರೋಗ್ಯ, ನೆಮ್ಮದಿ, ಏಳಿಗೆ ಮೂರೂ ನಿನ್ನ ಜೊತೆಗಿರಲಿ, ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಬೌರೊ

ಮತ್ತೆ: ಟ್ರಕ್ಕು ಬಂದಿದೆ, ಹಾರನ್ ಹೊಡೆಯುತ್ತಿದ್ದಾನೆ, ನರ್ಸ್ ಕೈಚಾಚಿ ನಿಂತಿದ್ದಾಳೆ. ಇಷ್ಟು ಬರೆದೂ ನೀನು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಮೋಯಾ, ಅವರು ಒಪ್ಪಲಿಲ್ಲ. ಎದೆಯ ಮೇಲೆ ಕೈ ಇಟ್ಟು ಅವರು ಹೇಳಿದ್ದು ಇಷ್ಟು: "ನನ್ನನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಆದರೆ ಇಂಥ ಮಾತು ಕೊಡುವ ಅಧಿಕಾರ ನನಗಿಲ್ಲ, ಕೊಟ್ಟರೆ ಸುಳ್ಳಾಗುತ್ತದೆ. ದಯವಿಟ್ಟು ಅಜ್ಜಿಗೆ ಇದನ್ನು ಸರಿಯಾಗಿ ತಿಳಿಸಿ." ಸರಿಯಾಗಿ ತಿಳಿಸಿ ಎಂದೂ ಹೇಳಿದ್ದರು. ನಮ್ಮ ಜಾಗದಲ್ಲಿ ಕೂತ ಅತಿಥಿ ನೂರೈವತ್ತು ಜನರ ಮುಂದೆ ಬುಬುಸಿ ಇಲ್ಲವೆಂದದ್ದನ್ನು ನನ್ನ ಬಾಯಿಂದ ಹೇಳಲು ನನಗೆ ನಾಚಿಕೆಯಾಯಿತು. ಅವರ ಮುಖ ಉಳಿಸಿದೆ, ನಮ್ಮವರ ಮುಖ ನೋಡಲಿಲ್ಲ. ಆ ಮನುಷ್ಯ ಸುಳ್ಳು ಹೇಳಿಲ್ಲ. ಸುಳ್ಳು ನನ್ನದು.

ಭಾನುವಾರ ಪೂಜೆ ಮುಗಿದ ಮೇಲೆ ಮನೆಯಾಬಾದಲ್ಲಿ ಎದ್ದು ನಿಂತು ಹೇಳುತ್ತೇನೆ. ಅಮ್ಮನಿಗೆ ಇವತ್ತೇ. ನಮ್ಮ ಮನೆತನದ ಜಾಗವನ್ನು ಅವರು ಕಿತ್ತುಕೊಳ್ಳಬಹುದು, ಆಗ ನೀನು ಊರಿಗೆ ಬಂದರೆ ಎಲ್ಲಿ ಕೂರುತ್ತೀಯೋ ನನಗೆ ಗೊತ್ತಿಲ್ಲ, ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಆ ನಲವತ್ತೊಂದು ಸಹಿಗಳನ್ನು ಹಚ್ಚಬೇಡ. ಯಾಕೆಂದು ಕೇಳಿದರೆ ನನ್ನ ಹೆಸರು ಹೇಳು, ಈ ಪತ್ರ ತೋರಿಸು. ಆದರೆ ಅಜ್ಜಿ ಕೇಳಿದ್ದು ಸುಳ್ಳಲ್ಲ, ಅದನ್ನು ಕರಡಿನಲ್ಲಿ ಬರೆ. ಸಾಹೇಬರಿಗೂ ಕೇಳು, ಆ ಹೆಂಗಸಿಗೂ ಕೇಳು. ಅವರು ಏನು ಹೇಳುತ್ತಾರೋ ಅದನ್ನು ಮಾತ್ರ ನನ್ನ ಹಾಗೆ ತಿದ್ದಬೇಡ.